ಕೋರಂ ತುಂಬಿದ ಮೇಲೆ: ಬ್ಯಾಕ್ಟೀರಿಯಾಗಳ ಸಹಕಾರ ಮತ್ತು ರೋಗದ ಉಗ್ರತೆಯ ಚರಿತ್ರೆ

ನಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿ ನಡೆಯುವ ಒಂದು ಸಂಗತಿ ಸದಸ್ಯ ಬಂಧುಗಳೆಲ್ಲರಿಗೂ ಪರಿಚಿತವಾದುದೇ. ನಿಗದಿತ ವೇಳೆಗೆ ಸಭಾಂಗಣದಲ್ಲಿ ಪದಾಧಿಕಾರಿಗಳೂ ನಾಲ್ಕಾರು ಹಿರಿಯರೂ ಮಾತ್ರ ಇರುತ್ತಾರೆ. ಕಾರ್ಯದರ್ಶಿಗಳು ತಲೆ ಎಣಿಸುತ್ತಾರೆ. ಕೋರಂ ಇಲ್ಲ, ಆದ್ದರಿಂದ ಯಾವ ನಿರ್ಣಯವನ್ನೂ ಮಂಡಿಸುವಂತಿಲ್ಲ. ಊಟದ ಹೊತ್ತು ಸಮೀಪಿಸಿದಂತೆ ಬಾಗಿಲ ಬಳಿ ಚಪ್ಪಲಿಗಳು ಹೆಚ್ಚುತ್ತವೆ, ಇನ್ನೊಮ್ಮೆ ಎಣಿಕೆಯಾಗುತ್ತದೆ, ಕೋರಂ ತುಂಬುತ್ತದೆ. ಅಷ್ಟು ಹೊತ್ತು ಸುಮ್ಮನಿದ್ದ ಸಭೆ ಒಮ್ಮೆಗೇ ಚುರುಕುಗೊಂಡು ಹತ್ತು ನಿರ್ಣಯಗಳನ್ನು ಅರ್ಧ ಗಂಟೆಯಲ್ಲಿ ಅಂಗೀಕರಿಸುತ್ತದೆ.

ಈ ಕೋರಂ ಎಂಬ ಪದವನ್ನೇ ವಿಜ್ಞಾನಿಗಳು ಬ್ಯಾಕ್ಟೀರಿಯಾಗಳ ನಡವಳಿಕೆಯನ್ನು ವಿವರಿಸಲು ಎರವಲು ಪಡೆದಿದ್ದಾರೆ. ಕಣ್ಣಿಗೆ ಕಾಣದ, ಮಿದುಳಿಲ್ಲದ, ಒಂದೇ ಜೀವಕೋಶದ ಜೀವಿಗಳು ತಮ್ಮ ಸಂಖ್ಯೆಯನ್ನು ಗ್ರಹಿಸಿ, ಸಾಕಷ್ಟು ಜನ ಸೇರಿದ ಮೇಲೆ ಒಟ್ಟಾಗಿ ಕೆಲಸಕ್ಕೆ ತೊಡಗುತ್ತವೆ ಎಂಬ ಅರಿವು ಮೂಡಿ ಇನ್ನೂ ಅರವತ್ತು ವರ್ಷಗಳಷ್ಟೇ ಆಗಿವೆ. ನಮ್ಮನ್ನು ಕಾಡುವ ಎಷ್ಟೋ ರೋಗಗಳ ಉಗ್ರತೆಯು ಒಂಟಿ ರೋಗಾಣುವಿನ ಗುಣವಲ್ಲ. ಅದು ಸಮೂಹದ ದುಡಿಮೆಯ ಫಲ. ದುಡಿಮೆ ಎಂದ ಮೇಲೆ ದುಡಿಯದೆ ಉಣ್ಣುವವರೂ ಇರುತ್ತಾರೆ. ಇದನ್ನು ಮರೆತು ಔಷಧ ಪ್ರಯೋಗಿಸಿದರೆ ಏನಾದೀತು ಎಂಬ ಪ್ರಶ್ನೆಯೂ ಈ ಚರಿತ್ರೆಯಲ್ಲಿ ಅಡಗಿದೆ. ಆ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸಿದ್ದೇವೆ.

ಒಂಟಿ ಜೀವಿ ಎಂಬ ನಂಬಿಕೆ

1683ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹುಕ್ ತನ್ನ ಹಲ್ಲುಗಳ ನಡುವೆ ಅಂಟಿದ್ದ ಬಿಳಿಯ ಲೋಳೆಯನ್ನು ತಾನೇ ತಯಾರಿಸಿದ ಮಸೂರದಡಿ ಇಟ್ಟು ನೋಡಿದನು. ಅಲ್ಲಿ ಓಡಾಡುತ್ತಿದ್ದ ಅತಿ ಸೂಕ್ಷ್ಮ ಜೀವಿಗಳ ವಿವರವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳುಹಿಸಿದನು. ಇಂದು ನಾವು ಬ್ಯಾಕ್ಟೀರಿಯಾ ಎನ್ನುವ ಜೀವಿಗಳನ್ನು ಕಂಡ ಮೊದಲಿಗರಲ್ಲಿ ಅವನೂ ಒಬ್ಬ. ಅವನು ಕಂಡದ್ದು ಒಂಟಿ ಜೀವಿಯನ್ನಲ್ಲ, ಒಂದು ಜನವಸತಿಯನ್ನು. ಹಲ್ಲಿನ ಲೋಳೆ ಎಂಬುದು ನಾನಾ ಜಾತಿಯ ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಅಂಟಿನೊಳಗೆ ಕೂಡಿ ಬಾಳುವ ಊರು.

ಆದರೆ ಮುಂದಿನ ಇನ್ನೂರು ವರ್ಷಗಳ ನಂತರ ಬೆಳೆದ ವೈದ್ಯಕೀಯ ಸೂಕ್ಷ್ಮಜೀವಿ ವಿಜ್ಞಾನವು ಬೇರೆ ದಾರಿ ಹಿಡಿಯಿತು. ಜರ್ಮನಿಯ ರಾಬರ್ಟ್ ಕಾಖ್ 1876ರಲ್ಲಿ ಆಂಥ್ರಾಕ್ಸ್ ರೋಗದ, 1882ರಲ್ಲಿ ಕ್ಷಯದ, 1884ರಲ್ಲಿ ಕಲ್ಕತ್ತೆಯಲ್ಲಿ ಕಾಲರಾದ ರೋಗಾಣುಗಳ ಮೇಲೆ ನಡೆಸಿದ ಸಂಶೋಧನೆಗಳ ಹಿಂದಿದ್ದ ವಿಧಾನ ಒಂದೇ: ಒಂದು ಜಾತಿಯ ರೋಗಾಣುವನ್ನು ಇತರ ಎಲ್ಲದರಿಂದ ಬೇರ್ಪಡಿಸಿ, ಶುದ್ಧ ತಳಿಯಾಗಿ ಬೆಳೆಸಿ, ಅದೇ ರೋಗಕ್ಕೆ ಕಾರಣವೆಂದು ಸಾಧಿಸುವುದು. ಈ ವಿಧಾನದಿಂದ ಮನುಕುಲಕ್ಕಾದ ಉಪಕಾರ ಅಪಾರ. ಆದರೆ ಅದರ ಜೊತೆಗೆ ಒಂದು ಗ್ರಹಿಕೆಯೂ ಬೇರೂರಿತು. ಪ್ರತಿಯೊಂದು ಬ್ಯಾಕ್ಟೀರಿಯಾವೂ ತನ್ನ ಪಾಡಿಗೆ ತಿಂದು, ಬೆಳೆದು, ಎರಡಾಗಿ ಒಡೆಯುವ ಒಂಟಿ ಜೀವಿ. ನೂರು ಕೋಟಿ ಬ್ಯಾಕ್ಟೀರಿಯಾಗಳ ಕೆಲಸವೆಂದರೆ ಒಂದರ ಕೆಲಸದ ನೂರು ಕೋಟಿ ಪಟ್ಟು ಮಾತ್ರ ಎಂದು ಪಂಡಿತರು ಬಹುಕಾಲ ನಂಬಿದ್ದರು.

ಕಡಲ ಬೆಳಕಿನ ಸುಳಿವು

ಈ ನಂಬಿಕೆಯನ್ನು ಮೊದಲು ಅಲುಗಾಡಿಸಿದ್ದು 1965ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡರ್ ಟೊಮಾಸ್ ಪ್ರಕಟಿಸಿದ ಸಂಶೋಧನೆ. ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾವು ಹೊರಗಿನ ಡಿಎನ್‌ಎಯನ್ನು ಒಳಗೆಳೆದುಕೊಳ್ಳಲು ಸಿದ್ಧವಾಗುವುದು ತನ್ನ ನೆರೆಯವರು ಸ್ರವಿಸಿದ, ಹಾರ್ಮೋನಿನಂಥ ಒಂದು ವಸ್ತುವಿನ ಪ್ರೇರಣೆಯಿಂದ ಎಂದು ಅವರು ತೋರಿಸಿದರು. ಐದು ವರ್ಷಗಳ ಬಳಿಕ, 1970ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಕೆನೆತ್ ನೀಲ್ಸನ್, ಟೆರ್ರಿ ಪ್ಲಾಟ್ ಮತ್ತು ವುಡ್‌ಲ್ಯಾಂಡ್ ಹೇಸ್ಟಿಂಗ್ಸ್ ಅವರು ಕಡಲಲ್ಲಿ ಬಾಳುವ, ಮೈಯಿಂದ ನೀಲಿ ಬೆಳಕು ಸೂಸುವ ವಿಬ್ರಿಯೊ ಫಿಶೆರಿ ಎಂಬ ಬ್ಯಾಕ್ಟೀರಿಯಾವನ್ನು ಅಭ್ಯಾಸಕ್ಕೆ ಎತ್ತಿಕೊಂಡರು.

ಅವರು ಕಂಡದ್ದು ಸರಳವಾದರೂ ವಿಸ್ಮಯಕರ. ಹೊಸ ಪೋಷಕ ದ್ರವದಲ್ಲಿ ಬಿಟ್ಟ ಬ್ಯಾಕ್ಟೀರಿಯಾಗಳು ತಕ್ಷಣವೇ ಸಂಖ್ಯೆಯಲ್ಲಿ ಬೆಳೆಯತೊಡಗಿದವು, ಆದರೆ ಬೆಳಕು ಮಾತ್ರ ಹೆಚ್ಚಲಿಲ್ಲ. ಕೆಲವು ಗಂಟೆಗಳ ನಂತರ, ಸಂಖ್ಯೆ ಒಂದು ಮಟ್ಟ ತಲುಪಿದಾಗ, ಬೆಳಕು ಒಮ್ಮೆಗೇ ಏರಿತು. ಈಗಾಗಲೇ ಬೆಳಗುತ್ತಿದ್ದ ದಟ್ಟ ಸಮೂಹದ ದ್ರವವನ್ನು ಸೋಸಿ, ಬ್ಯಾಕ್ಟೀರಿಯಾಗಳನ್ನೆಲ್ಲ ತೆಗೆದು, ಆ ದ್ರವದಲ್ಲಿ ಹೊಸ ಬ್ಯಾಕ್ಟೀರಿಯಾಗಳನ್ನು ಬಿಟ್ಟರೆ ಅವು ಕಾಯದೆ ಬೇಗನೆ ಬೆಳಗಿದವು. ಅಂದರೆ ಹಳೆಯ ದ್ರವದಲ್ಲಿ ಯಾವುದೋ ಸಂದೇಶ ಉಳಿದಿತ್ತು. 1981ರಲ್ಲಿ ಅನಟೋಲ್ ಎಬರ್‌ಹಾರ್ಡ್ ಮತ್ತು ಸಂಗಡಿಗರು ಆ ಸಂದೇಶದ ಅಣುವಿನ ರಚನೆಯನ್ನು ಗುರುತಿಸಿದರು. 1983ರಲ್ಲಿ ಜೋಆನ್ ಎಂಗೆಬ್ರೆಕ್ಟ್, ನೀಲ್ಸನ್ ಮತ್ತು ಮೈಕೆಲ್ ಸಿಲ್ವರ್‌ಮನ್ ಅದಕ್ಕೆ ಸಂಬಂಧಿಸಿದ ಜೀನುಗಳನ್ನು ಪ್ರತ್ಯೇಕಿಸಿದರು.

ಇದರ ಕಾರ್ಯವಿಧಾನ ಹೀಗಿದೆ. ಪ್ರತಿಯೊಂದು ಬ್ಯಾಕ್ಟೀರಿಯಾವೂ ಸದಾ ಸ್ವಲ್ಪ ಸ್ವಲ್ಪವೇ ಸಂದೇಶದ ಅಣುಗಳನ್ನು ಹೊರಬಿಡುತ್ತಿರುತ್ತದೆ. ಕೆಲವೇ ಬ್ಯಾಕ್ಟೀರಿಯಾಗಳಿದ್ದರೆ ಅಣುಗಳು ನೀರಿನಲ್ಲಿ ಚದುರಿಹೋಗುತ್ತವೆ. ದಟ್ಟಣೆ ಹೆಚ್ಚಿದರೆ ಅಣುಗಳ ಸಾಂದ್ರತೆಯೂ ಹೆಚ್ಚಿ, ಅವು ಜೀವಕೋಶದೊಳಗಿನ ಗ್ರಾಹಕಕ್ಕೆ ಅಂಟಿ, ಬೆಳಕಿನ ಜೀನುಗಳನ್ನು ಚಾಲನೆಗೊಳಿಸುತ್ತವೆ. ತಲೆ ಎಣಿಸುವ ಕಾರ್ಯದರ್ಶಿಯ ಕೆಲಸವನ್ನು ಇಲ್ಲಿ ಒಂದು ಅಣು ಮಾಡುತ್ತದೆ.

ಈ ಬೆಳಕಿನ ಪ್ರಯೋಜನ ತಿಳಿಯಬೇಕಾದರೆ ಹವಾಯಿ ದ್ವೀಪದ ಒಂದು ಪುಟ್ಟ ಸ್ಕ್ವಿಡ್ಡನ್ನು ನೋಡಬೇಕು. ನಮ್ಮ ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಜೀವಿಯ ದೂರದ ನೆಂಟ ಇದು. ಇದರ ಹೊಟ್ಟೆಯ ಭಾಗದ ಒಂದು ಅಂಗದಲ್ಲಿ ವಿಬ್ರಿಯೊ ಫಿಶೆರಿ ದಟ್ಟವಾಗಿ ನೆಲೆಸುತ್ತದೆ. ರಾತ್ರಿ ಬೇಟೆಗೆ ಹೊರಟ ಸ್ಕ್ವಿಡ್ ಬೆಳದಿಂಗಳಿಗೆ ಸರಿಹೊಂದುವಷ್ಟು ಬೆಳಕನ್ನು ಕೆಳಮುಖವಾಗಿ ಸೂಸುವುದರಿಂದ ಕೆಳಗಿನ ಶತ್ರುಗಳಿಗೆ ಅದರ ನೆರಳು ಕಾಣದು. ಪ್ರತಿಯಾಗಿ ಬ್ಯಾಕ್ಟೀರಿಯಾಗಳಿಗೆ ಊಟ ಮತ್ತು ವಸತಿ ದೊರೆಯುತ್ತದೆ. ಪ್ರತಿ ಮುಂಜಾನೆ ಸ್ಕ್ವಿಡ್ ಅವುಗಳಲ್ಲಿ ಸುಮಾರು ನೂರಕ್ಕೆ 95ರಷ್ಟನ್ನು ಕಡಲಿಗೆ ಹೊರಚೆಲ್ಲುತ್ತದೆ. ಉಳಿದವು ಸಂಜೆಯೊಳಗೆ ಮತ್ತೆ ಬೆಳೆದು ಕೋರಂ ತುಂಬಿಸುತ್ತವೆ.

1994ರಲ್ಲಿ ಕ್ಲೇ ಫುಕ್ವಾ, ಸ್ಟೀಫನ್ ವೈನನ್ಸ್ ಮತ್ತು ಪೀಟರ್ ಗ್ರೀನ್‌ಬರ್ಗ್ ಅವರು ತಮ್ಮ ಸಮೀಕ್ಷಾ ಲೇಖನದಲ್ಲಿ ಈ ವಿದ್ಯಮಾನಕ್ಕೆ ಕ್ವೋರಮ್ ಸೆನ್ಸಿಂಗ್ ಎಂದು ಹೆಸರಿಟ್ಟರು. ಕನ್ನಡದಲ್ಲಿ ಕೋರಂ ಗ್ರಹಿಕೆ ಎನ್ನಬಹುದು. ಮನೆಮಂದಿಗೆ ತಮ್ಮ ಸಂಶೋಧನೆಯನ್ನು ವಿವರಿಸುತ್ತಿದ್ದಾಗ ವಕೀಲರಾಗಿದ್ದ ಬಂಧುವೊಬ್ಬರ ಬಾಯಿಂದ ಆ ಪದ ಹೊರಟಿತೆಂದು ವೈನನ್ಸ್ ಅವರ ಕುರಿತು ಹೇಳುವುದುಂಟು.

ಬೆಳಕಿನಿಂದ ನಂಜಿನೆಡೆಗೆ

ಕಡಲ ಬ್ಯಾಕ್ಟೀರಿಯಾದ ಈ ವೈಚಿತ್ರ್ಯವು ವೈದ್ಯಕೀಯದ ಅಂಗಳಕ್ಕೆ ಕಾಲಿಟ್ಟದ್ದು 1990ರ ದಶಕದ ಆರಂಭದಲ್ಲಿ. ಸ್ಯೂಡೊಮೊನಾಸ್ ಏರುಗಿನೋಸ ಎಂಬ ಬ್ಯಾಕ್ಟೀರಿಯಾ ಆಸ್ಪತ್ರೆಗಳಿಗೆ ಚಿರಪರಿಚಿತ ಶತ್ರು. ಸುಟ್ಟಗಾಯ, ವೆಂಟಿಲೇಟರಿನ ಕೊಳವೆ, ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳ ಶ್ವಾಸಕೋಶ ಇವು ಅದರ ನೆಲೆಗಳು. 1991ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಬಾರ್ಬರಾ ಇಗ್ಲೆವ್‌ಸ್ಕಿ ಮತ್ತು ಅವರ ಸಹೋದ್ಯೋಗಿ ಈ ಬ್ಯಾಕ್ಟೀರಿಯಾದ ಅಂಗಾಂಶ ಕರಗಿಸುವ ಕಿಣ್ವವನ್ನು ನಿಯಂತ್ರಿಸುವ ಒಂದು ಜೀನನ್ನು ಗುರುತಿಸಿದರು. ಅದು ವಿಬ್ರಿಯೊ ಫಿಶೆರಿಯ ಬೆಳಕನ್ನು ನಿಯಂತ್ರಿಸುವ ಜೀನಿಗೆ ದಾಯಾದಿಯಂತಿತ್ತು. ಸ್ಕ್ವಿಡ್ಡಿನ ಹೊಟ್ಟೆಯಲ್ಲಿ ದೀಪ ಹಚ್ಚುವ ವ್ಯವಸ್ಥೆಯೇ ಇಲ್ಲಿ ಮನುಷ್ಯನ ಅಂಗಾಂಶಕ್ಕೆ ಬೆಂಕಿ ಇಡುತ್ತಿತ್ತು.

ಕಾಯುವುದರಲ್ಲಿ ರೋಗಾಣುವಿಗೆ ಲಾಭವಿದೆ. ಹತ್ತೇ ಬ್ಯಾಕ್ಟೀರಿಯಾಗಳು ಕಿಣ್ವ ಸುರಿಸಿದರೆ ಅದು ಚದುರಿ ವ್ಯರ್ಥವಾಗುವುದಲ್ಲದೆ, ದೇಹದ ರಕ್ಷಣಾ ವ್ಯವಸ್ಥೆಗೆ ಮುನ್ನೆಚ್ಚರಿಕೆ ಕೊಟ್ಟಂತೆಯೂ ಆಗಬಹುದು. ಬಲ ಕೂಡಿದ ಮೇಲೆ ಒಟ್ಟಿಗೆ ಎರಗಿದರೆ ಗೆಲುವಿನ ಸಾಧ್ಯತೆ ಹೆಚ್ಚು.

ಕಾಲರಾದ ಕಥೆ ಇದಕ್ಕೆ ತದ್ವಿರುದ್ಧ. ಕಾಖ್ ಕಲ್ಕತ್ತೆಯಲ್ಲಿ ಕಾಲರಾದ ಬ್ಯಾಕ್ಟೀರಿಯಾವನ್ನು ಗುರುತಿಸಿದ ಎಪ್ಪತ್ತೈದು ವರ್ಷಗಳ ಬಳಿಕ, ಅದೇ ನಗರದ ಶಂಭುನಾಥ ಡೇ ಅವರು 1959ರಲ್ಲಿ ಬ್ಯಾಕ್ಟೀರಿಯಾಗಳನ್ನು ಸೋಸಿ ತೆಗೆದ ದ್ರವವೊಂದೇ ಮೊಲದ ಕರುಳಿನಲ್ಲಿ ನೀರು ತುಂಬಿಸಬಲ್ಲದೆಂದು ತೋರಿಸಿದರು. ರೋಗವನ್ನು ತರುವುದು ಬ್ಯಾಕ್ಟೀರಿಯಾ ಹೊರಬಿಡುವ ನಂಜು ಎಂಬುದು ಇದರಿಂದ ಖಚಿತವಾಯಿತು. ಜೋಶುವಾ ಲೆಡರ್‌ಬರ್ಗ್ ಅವರಂಥ ನೊಬೆಲ್ ಪುರಸ್ಕೃತರು ಡೇ ಅವರ ಹೆಸರನ್ನು ಅದೇ ಪುರಸ್ಕಾರಕ್ಕೆ ಸೂಚಿಸಿದ್ದರೂ ಅದು ಅವರಿಗೆ ದೊರೆಯಲಿಲ್ಲ. 2002ರಲ್ಲಿ ಪ್ರಿನ್ಸ್‌ಟನ್ನಿನ ಬಾನಿ ಬ್ಯಾಸ್ಲರ್, ಹಾರ್ವರ್ಡಿನ ಜಾನ್ ಮೆಕಲಾನೋಸ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆಯಿಂದ ತಿಳಿದದ್ದೇನೆಂದರೆ, ಕಾಲರಾ ಬ್ಯಾಕ್ಟೀರಿಯಾವು ಸಂಖ್ಯೆ ಕಡಿಮೆಯಿದ್ದಾಗ ನಂಜಿನ ಜೀನುಗಳನ್ನು ಚಾಲನೆಯಲ್ಲಿಟ್ಟು, ಕೋರಂ ತುಂಬಿದ ಮೇಲೆ ಅವನ್ನು ನಿಲ್ಲಿಸುತ್ತದೆ. ಕರುಳಿನಲ್ಲಿ ಸಾಕಷ್ಟು ಬೆಳೆದಾಯಿತು, ಇನ್ನು ಭೇದಿಯೊಡನೆ ಹೊರಬಿದ್ದು ಮುಂದಿನ ಆತಿಥೇಯನನ್ನು ಹುಡುಕಬೇಕು ಎಂಬ ಲೆಕ್ಕಾಚಾರ ಇದರ ಹಿಂದಿದೆಯೆಂದು ವಿಜ್ಞಾನಿಗಳು ಊಹಿಸುತ್ತಾರೆ.

ಹಾಲಿನ ಕೊಳದ ಸಮಸ್ಯೆ

ಇಲ್ಲಿ ಒಂದು ಕಥೆ ನೆನಪಾಗುತ್ತದೆ. ರಾಜನೊಬ್ಬನು ಕೊಳ ತೋಡಿಸಿ, ಪ್ರತಿ ಮನೆಯವರೂ ರಾತ್ರಿ ಒಂದು ತಂಬಿಗೆ ಹಾಲು ಸುರಿಯಬೇಕೆಂದು ಡಂಗುರ ಸಾರಿಸಿದನಂತೆ. ಎಲ್ಲರೂ ಹಾಲು ಸುರಿಯುವಾಗ ನಾನೊಬ್ಬ ನೀರು ಸುರಿದರೆ ಯಾರಿಗೆ ತಿಳಿದೀತು ಎಂದು ಪ್ರತಿಯೊಬ್ಬನೂ ಯೋಚಿಸಿದನಂತೆ. ಬೆಳಗಾದಾಗ ಕೊಳದ ತುಂಬ ನೀರೇ ಇತ್ತು.

ಬ್ಯಾಕ್ಟೀರಿಯಾಗಳ ಲೋಕದಲ್ಲೂ ಈ ಸಮಸ್ಯೆ ಇದ್ದೇ ಇದೆ. ಕಿಣ್ವವನ್ನು ತಯಾರಿಸಲು ಖರ್ಚು ತಗಲುತ್ತದೆ. ಹೊರಬಿಟ್ಟ ಮೇಲೆ ಅದರ ಫಲ ನೆರೆಯ ಎಲ್ಲರಿಗೂ ದಕ್ಕುತ್ತದೆ. ಆಕಸ್ಮಿಕವಾಗಿ ಜೀನು ಕೆಟ್ಟು ಕಿಣ್ವ ತಯಾರಿಸದ ಒಂದು ಬ್ಯಾಕ್ಟೀರಿಯಾ ಹುಟ್ಟಿದರೆ, ಅದು ಖರ್ಚಿಲ್ಲದೆ ಫಲವುಂಡು ಇತರರಿಗಿಂತ ಬೇಗ ಬೆಳೆಯುತ್ತದೆ. ಇಂಥವನ್ನು ಠಕ್ಕರು ಎನ್ನೋಣ. ಠಕ್ಕರೇ ಗೆಲ್ಲುವುದಾದರೆ ಸಹಕಾರವು ಜಗತ್ತಿನಲ್ಲಿ ಉಳಿದದ್ದಾದರೂ ಹೇಗೆ?

ಉತ್ತರದ ಬೀಜವು ಬ್ಯಾಕ್ಟೀರಿಯಾಗಳಿಂದ ದೂರದಲ್ಲಿ ಬಿತ್ತಲ್ಪಟ್ಟಿತ್ತು. 1955ರ ಒಂದು ಲೇಖನದಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಅವರು, ನದಿಯಲ್ಲಿ ಮುಳುಗುತ್ತಿರುವ ಮಗುವನ್ನು ಉಳಿಸಲು ಪ್ರಾಣದ ಹಂಗು ತೊರೆದು ಹಾರುವವನ ಜೀನು, ಆ ಮಗು ಅವನ ಬಂಧುವಾಗಿದ್ದರೆ ಹೇಗೆ ಉಳಿದುಬರಬಹುದೆಂದು ಚರ್ಚಿಸಿದ್ದರು. ಎರಡು ವರ್ಷಗಳ ನಂತರ ಭಾರತಕ್ಕೆ ವಲಸೆ ಬಂದು ಇಲ್ಲಿಯ ಪ್ರಜೆಯಾದ ಅವರು 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು. ಅದೇ ವರ್ಷ ಇಂಗ್ಲೆಂಡಿನ ತರುಣ ವಿಲಿಯಂ ಹ್ಯಾಮಿಲ್ಟನ್ ಇದನ್ನು ಗಣಿತದ ಸೂತ್ರವಾಗಿಸಿದರು. ಸಹಾಯ ಪಡೆದವನಿಗಾಗುವ ಲಾಭವನ್ನು ರಕ್ತಸಂಬಂಧದ ಪ್ರಮಾಣದಿಂದ ಗುಣಿಸಿದಾಗ, ಅದು ಸಹಾಯ ಮಾಡಿದವನ ನಷ್ಟವನ್ನು ಮೀರಿದರೆ ಸಹಕಾರ ಬೆಳೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಕಣಜಗಳ ಗೂಡುಗಳಲ್ಲಿ ಪರೀಕ್ಷಿಸಿದ ಪ್ರಶ್ನೆಗಳಲ್ಲಿ ಇದೂ ಪ್ರಮುಖವಾದುದೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಬ್ಯಾಕ್ಟೀರಿಯಾಗಳಲ್ಲಿ ಈ ಸೂತ್ರವನ್ನು ಒರೆಗೆ ಹಚ್ಚಿದ್ದು 2004ರಲ್ಲಿ. ಆಶ್ಲಿ ಗ್ರಿಫಿನ್, ಸ್ಟುವರ್ಟ್ ವೆಸ್ಟ್ ಮತ್ತು ಆಂಗಸ್ ಬಕ್ಲಿಂಗ್ ಅವರು ಮತ್ತೆ ಸ್ಯೂಡೊಮೊನಾಸನ್ನೇ ಆರಿಸಿಕೊಂಡರು. ನಮ್ಮ ದೇಹವು ಕಬ್ಬಿಣವನ್ನು ರೋಗಾಣುಗಳಿಗೆ ಸಿಗದಂತೆ ಬಚ್ಚಿಡುತ್ತದೆ. ಅದನ್ನು ಕಸಿಯಲು ಈ ಬ್ಯಾಕ್ಟೀರಿಯಾವು ಹಸಿರು ಛಾಯೆಯ ಒಂದು ಅಣುವನ್ನು ಹೊರಬಿಡುತ್ತದೆ; ಕಬ್ಬಿಣವನ್ನು ಹಿಡಿದು ಬಂದ ಅಣುವನ್ನು ನೆರೆಯ ಯಾರು ಬೇಕಾದರೂ ನುಂಗಬಹುದು. ಅಣು ತಯಾರಿಸುವವರನ್ನೂ ಠಕ್ಕರನ್ನೂ ಪಾತ್ರೆಗಳಲ್ಲಿ ಬೆರೆಸಿದಾಗ ಠಕ್ಕರು ಮೇಲುಗೈ ಪಡೆದರು. ಒಂದೇ ವಂಶದವರನ್ನು ಒಂದೊಂದು ಪಾತ್ರೆಯಲ್ಲಿಟ್ಟು, ಪಾತ್ರೆ ಪಾತ್ರೆಗಳ ನಡುವೆ ಸ್ಪರ್ಧೆ ಏರ್ಪಡಿಸಿದಾಗ ಸಹಕಾರಿಗಳು ಗೆದ್ದರು. ಒಂದೇ ತಾಯಿಕೋಶದಿಂದ ಒಡೆದ ಬ್ಯಾಕ್ಟೀರಿಯಾಗಳು ಸಹಜವಾಗಿಯೇ ಅಕ್ಕಪಕ್ಕದಲ್ಲಿ ಬೆಳೆಯುವುದರಿಂದ, ನೆರೆಯವರಿಗೆ ಮಾಡಿದ ಉಪಕಾರ ಬಹುಮಟ್ಟಿಗೆ ಸ್ವಂತ ವಂಶಕ್ಕೇ ಸಲ್ಲುತ್ತದೆ. 2007ರಲ್ಲಿ ಎರಡು ಬೇರೆ ಬೇರೆ ತಂಡಗಳು ಕೋರಂ ಗ್ರಹಿಕೆಯಲ್ಲೂ ಇಂಥ ಠಕ್ಕರಿರುವುದನ್ನು ತೋರಿಸಿದವು. ಎಲ್ಲರೂ ಕರೆಗೆ ಓಗೊಟ್ಟು ದುಡಿಯುವಾಗ, ಕರೆ ಕೇಳಿಸಿದರೂ ಸುಮ್ಮನಿರುವವರು ಅವರು. ಯಾವ ಸಂಘಕ್ಕೂ ಇಂಥ ಸದಸ್ಯರು ಅಪರಿಚಿತರಲ್ಲ!

ಉಗ್ರತೆಯ ಲೆಕ್ಕಾಚಾರ

ಈಗ ರೋಗದ ಉಗ್ರತೆಯ ಪ್ರಶ್ನೆಗೆ ಬರೋಣ. ಕಾಲ ಸಂದಂತೆ ಪ್ರತಿ ರೋಗಾಣುವೂ ಸೌಮ್ಯವಾಗುತ್ತದೆ, ಏಕೆಂದರೆ ಆತಿಥೇಯನನ್ನು ಕೊಂದರೆ ತನಗೇ ನಷ್ಟ ಎಂಬ ವಿಚಾರ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಅವರ ಕಾಲದಿಂದ ಪ್ರಚಲಿತವಾಗಿತ್ತು. ಕೋವಿಡ್ ಕಾಲದಲ್ಲಿಯೂ ಇದೇ ಮಾತನ್ನು ನಾವೆಲ್ಲ ಕೇಳಿದ್ದೇವೆ. 1982ರಲ್ಲಿ ರಾಯ್ ಆಂಡರ್ಸನ್ ಮತ್ತು ರಾಬರ್ಟ್ ಮೇ ಇದನ್ನು ಗಣಿತದಿಂದ ಪ್ರಶ್ನಿಸಿದರು. ಆಸ್ಟ್ರೇಲಿಯಾದಲ್ಲಿ ಮೊಲಗಳ ಹಾವಳಿ ತಡೆಯಲು 1950ರಲ್ಲಿ ಹರಡಿದ ಮಿಕ್ಸೋಮಾ ವೈರಸ್ ಮೊದಲು ನೂರಕ್ಕೆ 99ಕ್ಕೂ ಹೆಚ್ಚು ಮೊಲಗಳನ್ನು ಕೊಲ್ಲುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದರ ಉಗ್ರತೆ ಇಳಿಯಿತಾದರೂ ಪೂರ್ಣ ಸೌಮ್ಯವಾಗದೆ ಮಧ್ಯಮ ಮಟ್ಟದಲ್ಲಿ ನಿಂತಿತು. ಹರಡುವ ಲಾಭಕ್ಕೂ ಕೊಲ್ಲುವ ನಷ್ಟಕ್ಕೂ ನಡುವಿನ ತೂಕವೇ ಉಗ್ರತೆಯನ್ನು ನಿರ್ಧರಿಸುತ್ತದೆ ಎಂಬುದು ಅವರ ವಾದ.

ಒಂದೇ ದೇಹದಲ್ಲಿ ಹಲವು ತಳಿಗಳು ಪೈಪೋಟಿಗಿಳಿದರೆ, ಬೇಗ ದೋಚುವವನೇ ಗೆಲ್ಲುವುದರಿಂದ, ಉಗ್ರತೆ ಹೆಚ್ಚುತ್ತದೆ ಎಂದು ಅನೇಕರು ಎಣಿಸಿದ್ದರು. ಆದರೆ ಉಗ್ರತೆಯೇ ಸಹಕಾರದ ಫಲವಾಗಿರುವಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. 2009ರಲ್ಲಿ ಟೆಕ್ಸಾಸಿನ ಕೆಂಡ್ರಾ ರಂಬಾ ಮತ್ತು ಸಂಗಡಿಗರು ಸುಟ್ಟಗಾಯವಿದ್ದ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕೋರಂ ಗ್ರಹಿಕೆಯ ಠಕ್ಕರು ಬೆರೆತ ಸೋಂಕು ಸಹಕಾರಿಗಳ ಸೋಂಕಿಗಿಂತ ಕಡಿಮೆ ಮಾರಕವಾಗಿತ್ತು. ರೋಗಾಣುಗಳ ಸಂಘದಲ್ಲಿ ಒಡಕು ಮೂಡಿದರೆ ರೋಗಿಗೆ ಲಾಭ.

ಸಾಲ್ಮೊನೆಲ್ಲಾ ಎಂಬ ಕರುಳಿನ ರೋಗಾಣುವಿನ ಸಹಕಾರವಂತೂ ಬಲಿದಾನದ ಮಟ್ಟಕ್ಕೆ ಏರಿದೆ. ಅದರ ಒಂದು ಪಾಲು ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯೊಳಗೆ ನುಗ್ಗಿ ಉರಿಯೂತ ಎಬ್ಬಿಸಿ, ಹೆಚ್ಚಿನವು ಅಲ್ಲೇ ಸಾಯುತ್ತವೆ. ಆ ಉರಿಯೂತದಿಂದ ಕರುಳಿನ ಮೂಲನಿವಾಸಿ ಬ್ಯಾಕ್ಟೀರಿಯಾಗಳು ಸೊರಗಿ, ಹೊರಗುಳಿದ ಸಾಲ್ಮೊನೆಲ್ಲಾಗಳಿಗೆ ಜಾಗ ತೆರವಾಗುತ್ತದೆ. ನುಗ್ಗುವವರೂ ಉಳಿಯುವವರೂ ಒಂದೇ ಜೀನುಗಳ ಒಡಹುಟ್ಟಿದವರು. ಯಾರು ನುಗ್ಗಬೇಕೆಂಬುದನ್ನು ಆಕಸ್ಮಿಕವೇ ನಿರ್ಧರಿಸುತ್ತದೆ. ಜ್ಯೂರಿಕ್ಕಿನ ವಿಜ್ಞಾನಿಗಳು 2008 ಮತ್ತು 2013ರಲ್ಲಿ ಇದನ್ನು ವಿವರಿಸಿದರು.

ಔಷಧವು ಎಡವಿದ ಬಗೆ

ಈ ಜ್ಞಾನದಿಂದ ಒಂದು ಆಸೆ ಚಿಗುರಿತು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಬದಲು ಅವುಗಳ ಮಾತುಕತೆಯನ್ನು ಕೆಡಿಸಿದರೆ ಸಾಲದೇ? ಕೋರಂ ತುಂಬಿದ್ದು ತಿಳಿಯದಿದ್ದರೆ ನಂಜು ಹೊರಬೀಳದು. ಕೊಲ್ಲದಿರುವುದರಿಂದ ಔಷಧವನ್ನು ಎದುರಿಸುವ ತಳಿಗಳ ಹಾವಳಿಯೂ ಕಡಿಮೆಯಾದೀತು ಎಂಬ ನಿರೀಕ್ಷೆ ಇತ್ತು.

ಜಿನೀವಾದ ಥಿಲೊ ಕೋಹ್ಲರ್, ಕ್ರಿಶ್ಚಿಯನ್ ವಾನ್ ಡೆಲ್ಡನ್ ಮತ್ತು ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಆಸೆಗೆ ಎಚ್ಚರಿಕೆಯ ಮಾತು ಸೇರಿಸಿತು. ಅಜಿತ್ರೊಮೈಸಿನ್ ಎಂಬ ಔಷಧವು ಸಾಮಾನ್ಯ ಪ್ರಮಾಣದಲ್ಲಿ ಸ್ಯೂಡೊಮೊನಾಸನ್ನು ಕೊಲ್ಲುವುದಿಲ್ಲ, ಆದರೆ ಅದರ ಕೋರಂ ಗ್ರಹಿಕೆಯನ್ನು ಕುಂದಿಸುತ್ತದೆ. ವೆಂಟಿಲೇಟರಿನ ಮೇಲಿದ್ದ ರೋಗಿಗಳ ಪೈಕಿ ಈ ಔಷಧ ಪಡೆಯದವರ ಶ್ವಾಸನಾಳದಲ್ಲಿ ದಿನ ಕಳೆದಂತೆ ಠಕ್ಕ ಬ್ಯಾಕ್ಟೀರಿಯಾಗಳು ಹೆಚ್ಚಿದವು; ಅಂದರೆ ಸಮೂಹವು ತಾನಾಗಿಯೇ ಸೌಮ್ಯತೆಯತ್ತ ವಾಲುತ್ತಿತ್ತು. ಔಷಧ ಪಡೆದವರಲ್ಲಿ ಹಾಗಾಗಲಿಲ್ಲ. ಯಾರೂ ದುಡಿಯದ ಸ್ಥಿತಿಯಲ್ಲಿ, ದುಡಿಯದಿರುವುದರಿಂದ ಠಕ್ಕರಿಗೆ ಯಾವ ಹೆಚ್ಚುಗಾರಿಕೆಯೂ ಉಳಿಯಲಿಲ್ಲ. ಉಗ್ರತೆಯ ಸಾಮರ್ಥ್ಯವುಳ್ಳ ಸಹಕಾರಿಗಳೇ ನೆಲೆನಿಂತರು. ಔಷಧ ನಿಲ್ಲಿಸಿದ ಮೇಲೆ ಮತ್ತೆ ಕೋರಂ ತುಂಬಿಸಲು ಅವರು ಸಿದ್ಧರಾಗಿರುತ್ತಾರೆ. ಔಷಧವು ತನಗರಿವಿಲ್ಲದೆಯೇ ಶತ್ರುವಿನ ಮನೆಯ ಜಗಳವನ್ನು ನಿಲ್ಲಿಸಿತ್ತು.

ಔಷಧ ಪ್ರತಿರೋಧವೂ ಕೆಲವೊಮ್ಮೆ ಸಾಮೂಹಿಕ ಸ್ವತ್ತೇ ಆಗಿರುತ್ತದೆ. ಪೆನಿಸಿಲಿನ್ ಇನ್ನೂ ರೋಗಿಗಳಿಗೆ ತಲುಪುವ ಮೊದಲೇ, 1940ರಲ್ಲಿ, ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್ಸ್ಟ್ ಚೈನ್ ಪೆನಿಸಿಲಿನ್ನನ್ನು ನಾಶಗೊಳಿಸುವ ಕಿಣ್ವವೊಂದನ್ನು ಬ್ಯಾಕ್ಟೀರಿಯಾದಲ್ಲಿ ಕಂಡಿದ್ದರು. ಇಂಥ ಕಿಣ್ವವುಳ್ಳ ಬ್ಯಾಕ್ಟೀರಿಯಾಗಳು ಸುತ್ತಲಿನ ಔಷಧವನ್ನು ಕರಗಿಸಿ, ಕಿಣ್ವವಿಲ್ಲದ ನೆರೆಯವರನ್ನೂ ಕಾಪಾಡಬಲ್ಲವು.

ನಮ್ಮ ಸದಸ್ಯ ಕುಟುಂಬಗಳಿಗೆ ಈ ಮಾತು ದೂರದ್ದಲ್ಲ. ಊರಿನಿಂದ ಹಿಂದಿರುಗುವಾಗ ಚಟ್ನಿಪುಡಿ, ಹುಳಿಪುಡಿಗಳ ಜೊತೆಗೆ ಆ್ಯಂಟಿಬಯೋಟಿಕ್ ಮಾತ್ರೆಗಳ ಒಂದೆರಡು ಸ್ಟ್ರಿಪ್‌ಗಳೂ ಸೂಟ್‌ಕೇಸು ಸೇರುವುದುಂಟು. ಅವುಗಳಲ್ಲಿ ಅಜಿತ್ರೊಮೈಸಿನ್ ಇರುವುದೂ ಅಪರೂಪವಲ್ಲ. ಇಲ್ಲಿಯ ವೈದ್ಯರು ಸುಲಭವಾಗಿ ಬರೆದುಕೊಡುವುದಿಲ್ಲವೆಂಬ ದೂರು ಪ್ರತಿ ಚಳಿಗಾಲದ ಕೂಟದಲ್ಲೂ ಕೇಳಿಬರುತ್ತದೆ. ನೆಗಡಿ, ಫ್ಲೂಗಳು ವೈರಸ್‌ಗಳಿಂದ ಬರುವುದರಿಂದ ಆ ಮಾತ್ರೆ ಅವುಗಳ ಮೇಲೆ ಏನನ್ನೂ ಮಾಡದು. ಆದರೆ ನಮ್ಮ ದೇಹದೊಳಗೆ ಅದಾಗಲೇ ನೆಲೆಸಿರುವ ನೂರಾರು ಬ್ಯಾಕ್ಟೀರಿಯಾ ಸಂಘಗಳ ನಡುವಣ ಸ್ನೇಹ ಮತ್ತು ವೈರಗಳ ಸಮತೋಲವನ್ನು ಅದು ಕದಡುತ್ತದೆ. ವೈದ್ಯರ ಸಲಹೆಯಿಲ್ಲದೆ ಆ ಮಾತ್ರೆಯನ್ನು ನುಂಗದಿರುವುದೂ, ಸಲಹೆ ನೀಡಿದಾಗ ಹೇಳಿದಂತೆ ಸೇವಿಸುವುದೂ ನಮ್ಮ ಪಾಲಿನ ಕರ್ತವ್ಯ. ಆ್ಯಂಟಿಬಯೋಟಿಕ್ಕಿನ ಶಕ್ತಿಯೂ ಒಂದು ಹಾಲಿನ ಕೊಳ. ನಾನೊಬ್ಬ ನೀರು ಸುರಿದರೇನಾದೀತು ಎಂಬ ಯೋಚನೆ ಅಲ್ಲಿಯೂ ಸಲ್ಲದು.

ಲೀವೆನ್‌ಹುಕ್ ತನ್ನ ಹಲ್ಲಿನ ಲೋಳೆಯಲ್ಲಿ ಕಂಡ ಜನವಸತಿಯನ್ನು ಜನವಸತಿಯೆಂದೇ ಅರಿಯಲು ನಮಗೆ ಸುಮಾರು ಮುನ್ನೂರು ವರ್ಷಗಳು ಬೇಕಾದವು. ಅಲ್ಲಿ ನಡೆಯುವ ಒಪ್ಪಂದ, ವಂಚನೆ, ಬಲಿದಾನಗಳ ಲೆಕ್ಕವನ್ನು ಈಗಷ್ಟೇ ಓದತೊಡಗಿದ್ದೇವೆ. ಮುಂದಿನ ಮಹಾಸಭೆಯಲ್ಲಿ ಕೋರಂಗಾಗಿ ಕಾಯುವ ಹೊತ್ತಿನಲ್ಲಿ ಸದಸ್ಯರು, ವಿಶೇಷವಾಗಿ ವೈದ್ಯ ಬಂಧುಗಳು, ಈ ವಿಷಯದ ಚರ್ಚೆಯನ್ನು ಮುಂದುವರಿಸಲೆಂದು ಕೋರುತ್ತೇವೆ.